ಟ್ರ್ಯಾಕಿಗೆ ಇಳಿಯುವ ಸ್ಪೋರ್ಟ್ಸ್ ಕಾರು: ಬುಕ್ ಮಾಡುವ ಮುನ್ನ ಸೀಟು, ಬೆಲ್ಟು, ಕೇಜ್ ಆರಿಸುವ ಕ್ರಮ

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆಯಿಂದ ಸ್ಪೋರ್ಟ್ಸ್ ಕಾರು ಕೊಳ್ಳುವವರು ಮತ್ತೆ ಮತ್ತೆ ಎಡವುವುದು ಸೀಟಿನ ವಿಷಯದಲ್ಲಿ. ಬೆಂಗಳೂರಿನ ಶೋರೂಮಿನಲ್ಲಿ ಐದು ನಿಮಿಷ ಕೂತು, ಕಣ್ಣಿಗೆ ಚೆಂದ ಕಂಡ ಕಾರ್ಬನ್ ಬಕೆಟ್ ಸೀಟಿಗೆ (ಮೈಯನ್ನು ಎರಡೂ ಬದಿಯಿಂದ ಬಿಗಿಯಾಗಿ ಹಿಡಿಯುವ ಸೀಟು) ಟಿಕ್ ಹಾಕಿ, ತಿಂಗಳುಗಟ್ಟಲೆ ಕಾದು ಗಾಡಿ ಮನೆಗೆ ತರುತ್ತಾರೆ. ಶ್ರೀಪೆರಂಬುದೂರಿನ ಹತ್ತಿರದ ಇರುಂಗಾಟುಕೋಟೈ ಟ್ರ್ಯಾಕಿನಲ್ಲಿ ಮೊದಲ ಸಲ ಹೆಲ್ಮೆಟ್ ಹಾಕಿ ಕೂತಾಗ ತಲೆ ಚಾವಣಿಗೆ ತಾಗುತ್ತದೆ. ಹಾರ್ನೆಸ್ (ರೇಸ್ ಕಾರಿನಂತೆ ಎರಡೂ ಭುಜ, ಸೊಂಟವನ್ನು ಕಟ್ಟುವ ಬೆಲ್ಟು) ಹಾಕಿಸೋಣವೆಂದರೆ ಅದನ್ನು ಬಿಗಿಯಲು ಹಿಂದೆ ಕಂಬಿಯೇ ಇಲ್ಲ. ಆಮೇಲೆ ಸರಿಪಡಿಸಲು ಹೊರಟರೆ ಏರ್‌ಬ್ಯಾಗ್, ವಾರಂಟಿ, ಆರ್‌ಸಿ ಎಲ್ಲವೂ ಅಡ್ಡ ಬರುತ್ತವೆ.

ಮೂಲ ಕಾರಣ, ಕ್ರಮ ತಲೆಕೆಳಗಾಗಿರುವುದು. ಸೀಟನ್ನು ಮೊದಲು ಆರಿಸಿ ಉಳಿದದ್ದನ್ನು ಅದಕ್ಕೆ ಹೊಂದಿಸಲು ನೋಡುತ್ತಾರೆ. ಮೊದಲು ತೀರ್ಮಾನವಾಗಬೇಕಾದದ್ದು ಯಾವ ಬೆಲ್ಟು ಎಂಬುದು. ಬೆಲ್ಟು ನಿರ್ಧಾರವಾದರೆ ಸೀಟು, ಕೇಜ್ (ಪಲ್ಟಿಯಾದಾಗ ಚಾವಣಿಯ ಭಾರ ಹೊರುವ ಉಕ್ಕಿನ ಕೊಳವೆಗಳ ಚೌಕಟ್ಟು), ಕುತ್ತಿಗೆಯ ರಕ್ಷಣೆ ಮೂರೂ ತಾವಾಗಿಯೇ ಹಿಂಬಾಲಿಸುತ್ತವೆ.

## ಶೋರೂಮಿಗೆ ಹೋಗುವ ಮುನ್ನ ಕೈಯಲ್ಲಿ ಇರಬೇಕಾದದ್ದು

ನಿಮ್ಮದೇ ಹೆಲ್ಮೆಟ್, ಅಳತೆಯ ಟೇಪು, ಎರಡು ದಪ್ಪ ಪುಸ್ತಕ, ಒಂದಿಷ್ಟು ಮಾಸ್ಕಿಂಗ್ ಟೇಪು, ದಾರ, ಟಾರ್ಚು, ಟ್ರ್ಯಾಕಿನಲ್ಲಿ ಹಾಕುವ ತೆಳು ಅಟ್ಟೆಯ ಶೂ. ಇವುಗಳ ಜೊತೆ ಆ ಕಾರಿನ ಆಯ್ಕೆಗಳ ಪಟ್ಟಿಯ ಪ್ರಿಂಟು, ಕಂಪನಿಯ ಜಾಲತಾಣದಿಂದ ಇಳಿಸಿಕೊಂಡ ಮಾಲೀಕರ ಕೈಪಿಡಿ. ಪಟ್ಟಿ ಭಾರತದ್ದೇ ಆಗಿರಲಿ. ಒಂದು ದೇಶದಲ್ಲಿ ಸಿಗುವ ಆಯ್ಕೆ ಇನ್ನೊಂದರಲ್ಲಿ ಸಿಗುವುದಿಲ್ಲ.

ಹೆಲ್ಮೆಟ್ ಇನ್ನೂ ಕೊಂಡಿಲ್ಲವಾದರೆ ಮೊದಲು ಅದನ್ನು ಕೊಳ್ಳಿ. ಐಎಸ್‌ಐ ಮುದ್ರೆಯ ಬೈಕ್ ಹೆಲ್ಮೆಟ್ ಈ ಕೆಲಸಕ್ಕೆ ಆಗದು. ಹೆಲ್ಮೆಟ್ ಪರೀಕ್ಷಿಸುವ ಅಮೆರಿಕದ ಸ್ನೆಲ್ ಸಂಸ್ಥೆಯ ಎಸ್‌ಎ2020 ಅಥವಾ ಎಸ್‌ಎ2025 ಗುರುತಿನದು ಬೇಕು. ‘ಎಸ್‌ಎ’ ಹೆಲ್ಮೆಟ್ಟಿನ ಒಳಪದರ ಬೆಂಕಿಗೆ ಸುಲಭವಾಗಿ ಹತ್ತುವುದಿಲ್ಲ, ಕೇಜಿನ ಕಂಬಿಗೆ ಬಡಿದರೆ ತಡೆಯುವ ಪರೀಕ್ಷೆಯೂ ಅದಕ್ಕೆ ಆಗಿರುತ್ತದೆ. ಬೈಕಿನ ‘ಎಂ’ ಗುರುತಿನ ಹೆಲ್ಮೆಟ್ಟಿಗೆ ಇವೆರಡೂ ಇಲ್ಲ. ಮುಂದಿನ ಎಲ್ಲ ಅಳತೆಗಳೂ ಈ ಹೆಲ್ಮೆಟ್ ತಲೆಯ ಮೇಲಿದ್ದಾಗಿನವು.

## ಹಂತ 1: ಟ್ರ್ಯಾಕ್ ಎಷ್ಟು ದಿನ, ರಸ್ತೆ ಎಷ್ಟು ದಿನ

ನಮ್ಮ ಮೂರೂ ಜಿಲ್ಲೆಗಳವರಿಗೆ ಹತ್ತಿರದ ದೊಡ್ಡ ಟ್ರ್ಯಾಕುಗಳು ಎರಡು ಕಡೆ ಇವೆ. ಚೆನ್ನೈ ಬಳಿಯ ಸುಮಾರು 3.7 ಕಿ.ಮೀ. ಉದ್ದದ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್ (ಮೇಲೆ ಹೇಳಿದ ಇರುಂಗಾಟುಕೋಟೈ ಟ್ರ್ಯಾಕ್) ಒಂದು. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಇನ್ನೊಂದು. ಕೋಲಾರದಿಂದ ಮುಳಬಾಗಿಲು, ಚಿತ್ತೂರು, ರಾಣಿಪೇಟೆ ಹಾದು ಮೊದಲನೆಯದನ್ನು ಮುಟ್ಟಲು ಇನ್ನೂರು ಕಿ.ಮೀ. ದಾಟುತ್ತದೆ. ತುಮಕೂರಿನವರಿಗೆ ಇದರ ಮೇಲೆ ಬೆಂಗಳೂರು ದಾಟುವ ಪಾಡು ಬೇರೆ.

ಈ ದೂರವೇ ಅರ್ಧ ತೀರ್ಮಾನ ಮಾಡಿಬಿಡುತ್ತದೆ. ಕಾರನ್ನು ಓಡಿಸಿಕೊಂಡೇ ಹೋಗಿ, ಹಗಲೆಲ್ಲ ಟ್ರ್ಯಾಕಿನಲ್ಲಿ ಓಡಿಸಿ, ರಾತ್ರಿ ಅದೇ ಸೀಟಿನಲ್ಲಿ ವಾಪಸು ಬರುವವರಿಗೆ ಬೆನ್ನು ಒರಗಿಸಲಾಗದ ಸೀಟು ಶಿಕ್ಷೆಯಾಗುತ್ತದೆ. ಫ್ಲ್ಯಾಟ್‌ಬೆಡ್ ಲಾರಿಯಲ್ಲಿ ಸಾಗಿಸುವವರಿಗೆ ಈ ತೊಡಕಿಲ್ಲ.

ಒಂದು ಹಾಳೆಯಲ್ಲಿ ಮೂರು ಸಂಗತಿ ಬರೆದಿಡಿ: ವರ್ಷಕ್ಕೆ ಎಷ್ಟು ಟ್ರ್ಯಾಕ್ ದಿನ, ಪಕ್ಕದ ಸೀಟಿನಲ್ಲಿ ಯಾರು ಯಾರು ಕೂರುತ್ತಾರೆ, ಮಕ್ಕಳ ಸೀಟು ಕಟ್ಟಬೇಕೆ. ವರ್ಷಕ್ಕೆ ಮೂರ್ನಾಲ್ಕು ಟ್ರ್ಯಾಕ್ ದಿನಕ್ಕಿಂತ ಕಡಿಮೆ ಎಂದಾದರೆ ಕಂಪನಿಯ ಮಾಮೂಲಿ ಮೂರು ಪಾಯಿಂಟಿನ ಬೆಲ್ಟು, ಒರಗಿಸಬಹುದಾದ ಸ್ಪೋರ್ಟ್ಸ್ ಸೀಟು ಇವೇ ಸರಿ ಎಂಬುದು ನಮ್ಮ ಖಚಿತ ಅಭಿಪ್ರಾಯ. ಮಿಕ್ಕ ಹಣ ಟಯರಿಗೆ, ಬ್ರೇಕ್ ಪ್ಯಾಡಿಗೆ, ತರಬೇತಿಗೆ ಹೋಗಲಿ.

## ಹಂತ 2: ಮೈ ಅಳತೆ, ಮನೆಯಲ್ಲೇ

ಬಕೆಟ್ ಸೀಟಿನಲ್ಲಿ ಸೊಂಟದ ಅಗಲ ಮುಖ್ಯ. ದರ್ಜಿ ಅಳೆಯುವ ಸುತ್ತಳತೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಗಟ್ಟಿ ಸ್ಟೂಲಿನ ಮೇಲೆ ಗೋಡೆಗೆ ಬೆನ್ನು ಕೊಟ್ಟು ಕೂರಿ. ಸೊಂಟದ ಎರಡೂ ಬದಿಗೆ ಒಂದೊಂದು ದಪ್ಪ ಪುಸ್ತಕ ನೇರವಾಗಿ ನಿಲ್ಲಿಸಿ, ಮೈಗೆ ತಾಗುವಂತೆ ಒತ್ತಿ, ಎರಡರ ನಡುವಿನ ಅಂತರ ಅಳೆಯಿರಿ. ಭುಜಕ್ಕೂ ಹೀಗೆಯೇ. ಟ್ರ್ಯಾಕಿಗೆ ಹಾಕುವ ಪ್ಯಾಂಟನ್ನೇ ತೊಟ್ಟು, ಜೇಬು ಖಾಲಿ ಮಾಡಿ ಅಳೆಯಿರಿ. ಶೋರೂಮಿನಲ್ಲಿ ಸೀಟಿನ ಎರಡು ಉಬ್ಬುಗಳ ನಡುವಿನ ಅಗಲವನ್ನು ಅಳೆದು ಹೋಲಿಸಿ. ಸೀಟಿನ ಮೆತ್ತೆ ಸ್ವಲ್ಪ ಬಿಟ್ಟುಕೊಡುತ್ತದೆ, ಒಳಗಿನ ಕಾರ್ಬನ್ ಚಿಪ್ಪು ಒಂದಿನಿತೂ ಬಿಟ್ಟುಕೊಡುವುದಿಲ್ಲ.

## ಹಂತ 3: ಹೆಲ್ಮೆಟ್ ಹಾಕಿ ಕಾರಿನಲ್ಲಿ ಕೂರುವುದು

ಮೊದಲು ಕೂರುವ ಭಂಗಿ ಸರಿಮಾಡಿ. ಭುಜ ಸೀಟಿಗೆ ತಾಗಿದ್ದಂತೆಯೇ ಕೈ ಚಾಚಿದರೆ ಮಣಿಕಟ್ಟು ಸ್ಟೀರಿಂಗಿನ ಮೇಲ್ತುದಿಯ ಮೇಲೆ ಕೂರಬೇಕು. ಬ್ರೇಕನ್ನು ಪೂರ್ತಿ ಬಲದಿಂದ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಮಡಿಚಿರಬೇಕು. ಇದನ್ನು ಎಂಜಿನ್ ಚಾಲೂ ಇರುವಾಗಲೇ ನೋಡಿ. ನಿಂತ ಎಂಜಿನ್‌ನಲ್ಲಿ ಪೆಡಲು ಗಟ್ಟಿಯಾಗಿ ತಪ್ಪು ಅಳತೆ ಕೊಡುತ್ತದೆ. ಎದೆಯಿಂದ ಸ್ಟೀರಿಂಗಿನ ನಡುಭಾಗಕ್ಕೆ ಕನಿಷ್ಠ 25 ಸೆಂ.ಮೀ. ಇರಲಿ. ಅದಕ್ಕಿಂತ ಹತ್ತಿರವಾದರೆ ಏರ್‌ಬ್ಯಾಗೇ ಪೆಟ್ಟು ಕೊಡುತ್ತದೆ.

ಈಗ ಹೆಲ್ಮೆಟ್ ಹಾಕಿ. ಪಕ್ಕದಲ್ಲಿ ಇನ್ನೊಬ್ಬರನ್ನು ಕೂರಿಸಿ, ಹೆಲ್ಮೆಟ್ ಮತ್ತು ಚಾವಣಿಯ ನಡುವೆ ಕೈ ಹಾಯಿಸಲು ಹೇಳಿ. ಎರಡು ಇಂಚು, ಅಂದರೆ ಸುಮಾರು 5 ಸೆಂ.ಮೀ. ಸಂದು ಸಿಗಬೇಕು. ಸಿಗದಿದ್ದರೆ ಸೀಟು ಪೂರ್ತಿ ಕೆಳಗಿಳಿಸಿ ಮತ್ತೆ ನೋಡಿ. ಆಗಲೂ ಸಿಗದಿದ್ದರೆ ಸನ್‌ರೂಫ್ ಇಲ್ಲದ ಚಾವಣಿ ಆರಿಸಿ. ಗಾಜಿನ ಸನ್‌ರೂಫಿನ ಚೌಕಟ್ಟು ತಲೆಯ ಮೇಲಿನ ಜಾಗವನ್ನು ನುಂಗುತ್ತದೆ. ಪ್ರದರ್ಶನಕ್ಕಿಟ್ಟ ಕಾರಿಗೆ ಯಾವ ಚಾವಣಿ ಇದೆ ಎಂದು ಕೇಳದೆ ಬರಬೇಡಿ.

ಮುಂದಿನದು ತಲೆಯಾಸರೆ. ಹೆಲ್ಮೆಟ್ಟಿನ ಹಿಂಭಾಗ ತಲೆಯಾಸರೆಗೆ ತಾಗಿ ತಲೆ ಮುಂದಕ್ಕೆ ಬಾಗಿದರೆ ಆ ಸೀಟು ನಿಮಗಲ್ಲ. ಬಿಎಂಡಬ್ಲ್ಯು ಎಂ3, ಎಂ4ರ ಕಾರ್ಬನ್ ಬಕೆಟ್ ಸೀಟಿನಲ್ಲಿ ಟ್ರ್ಯಾಕಿಗೆಂದೇ ತಲೆಯಾಸರೆಯನ್ನು ತೆಗೆಯಬಹುದು. ಎಲ್ಲ ಕಾರುಗಳಲ್ಲೂ ಈ ಸೌಲಭ್ಯ ಇಲ್ಲ.

ಕೊನೆಗೆ ಹೆಲ್ಮೆಟ್ ತೆಗೆದು ಮುಕ್ಕಾಲು ಗಂಟೆ ಅಲ್ಲೇ ಕೂತಿರಿ. ಮಾರಾಟದವರು ಅವಸರ ಮಾಡಿದರೂ ಏಳಬೇಡಿ. ತೊಡೆಯ ಹೊರಬದಿ ಜುಮ್ಮೆನ್ನಲು ತೊಡಗಿದರೆ ಉಬ್ಬು ನರ ಒತ್ತುತ್ತಿದೆ ಎಂದರ್ಥ. ಸೊಂಟದ ಕೆಳಗೆ ಟೊಳ್ಳು ಬಿಟ್ಟಂತೆ ಅನ್ನಿಸಿದರೆ ಚಿತ್ತೂರು ಬರುವಷ್ಟರಲ್ಲಿ ಬೆನ್ನು ಹಿಡಿದುಕೊಳ್ಳುತ್ತದೆ.

## ಹಂತ 4: ಬೆಲ್ಟು, ಎಲ್ಲಕ್ಕಿಂತ ದೊಡ್ಡ ತೀರ್ಮಾನ

ಕಂಪನಿಯ ಮೂರು ಪಾಯಿಂಟಿನ ಬೆಲ್ಟು ಒಂಟಿ ವಸ್ತುವಲ್ಲ. ಡಿಕ್ಕಿಯ ಕ್ಷಣದಲ್ಲಿ ಅದು ಮೊದಲು ಬಿಗಿಯುತ್ತದೆ, ಆಮೇಲೆ ಒಂದಿಷ್ಟು ಬಿಟ್ಟುಕೊಡುತ್ತದೆ, ಅಷ್ಟರಲ್ಲಿ ಏರ್‌ಬ್ಯಾಗ್ ಎದೆಯನ್ನು ಹಿಡಿಯುತ್ತದೆ. ಈ ಮೂರೂ ಒಂದಕ್ಕೊಂದು ಹೊಂದಿಕೊಂಡೇ ಪರೀಕ್ಷೆಯಾಗಿರುತ್ತವೆ.

ಆರು ಪಾಯಿಂಟಿನ ಹಾರ್ನೆಸ್ ಬೇರೆ ಲೆಕ್ಕದ್ದು. ಅದು ಮೈಯನ್ನು ಸೀಟಿಗೇ ಕಟ್ಟಿಹಾಕುತ್ತದೆ. ಆಗ ಮೂರು ತೊಂದರೆಗಳು ಹೊಸದಾಗಿ ಹುಟ್ಟುತ್ತವೆ.

ಮೈ ನಿಂತಿತು, ತಲೆ ನಿಲ್ಲಲಿಲ್ಲ. ಹೆಲ್ಮೆಟ್ಟಿನ ಭಾರ ಸೇರಿ ತಲೆ ಮುಂದಕ್ಕೆ ಎಸೆದಂತಾಗಿ ತಲೆಬುರುಡೆಯ ಬುಡದಲ್ಲೇ ಮುರಿತ ಆಗಬಹುದು. ಆದ್ದರಿಂದ ಹಾರ್ನೆಸ್ ಹಾಕಿದರೆ ಹ್ಯಾನ್ಸ್ ಸಾಧನ (ಭುಜದ ಮೇಲೆ ಕೂತು ಹೆಲ್ಮೆಟ್ಟನ್ನು ಹಿಡಿದು ಕುತ್ತಿಗೆ ಕಾಯುವ ಪಟ್ಟೆ) ಕಡ್ಡಾಯ ಎಂದೇ ತಿಳಿಯಿರಿ. ಗುರುತು ಜಾಗತಿಕ ಮೋಟಾರು ಕ್ರೀಡಾ ಸಂಸ್ಥೆ ಎಫ್‌ಐಎದ 8858-2010. ಫಾರ್ಮುಲಾ ಒನ್‌ನಲ್ಲಿ ಇದು 2003ರಿಂದ ಕಡ್ಡಾಯ. ಹ್ಯಾನ್ಸ್ ಕೆಲಸ ಮಾಡಲು ಎರಡೂ ಭುಜದ ಮೇಲೆ ಪಟ್ಟಿ ಇರಬೇಕು. ಮೂರು ಪಾಯಿಂಟಿನ ಬೆಲ್ಟಿನ ಜೊತೆ ಹ್ಯಾನ್ಸ್ ತೊಡುವುದರಿಂದ ಉಪಯೋಗವಿಲ್ಲ.

ಎರಡನೆಯದು ಕಾರು ಪಲ್ಟಿಯಾದಾಗಿನದು. ಮೂರು ಪಾಯಿಂಟಿನಲ್ಲಿ ಚಾವಣಿ ಕುಸಿದರೆ ಮೈ ಪಕ್ಕಕ್ಕೆ ವಾಲಬಹುದು. ಹಾರ್ನೆಸ್ ನೆಟ್ಟಗೆ ಕೂರಿಸಿಯೇ ಇಡುತ್ತದೆ. ಚಾವಣಿಯ ಭಾರ ಹೊರಲು ಹಿಂದೆ ಕೇಜ್ ಇಲ್ಲದಿದ್ದರೆ ಆ ಭಾರ ತಲೆಯ ಮೇಲೆ ಬರುತ್ತದೆ.

ಮೂರನೆಯದು ಸೀಟಿನ ಬೆನ್ನು. ಹೆಚ್ಚಿನ ಒರಗುವ ಸೀಟುಗಳಿಗೆ ಭುಜದ ಪಟ್ಟಿ ಹಾಯಿಸಲು ತೂತು ಇರುವುದಿಲ್ಲ. ತಲೆಯಾಸರೆಯ ಪಕ್ಕದಿಂದ ಹಾಯಿಸಿದ ಪಟ್ಟಿ ಭುಜದಿಂದ ಜಾರುತ್ತದೆ. ಬುಡದಲ್ಲಿ ತೊಡೆ ನಡುವಿನ ಪಟ್ಟಿಗೂ ತೂತು ಬೇಕು. ಅದಿಲ್ಲದ ನಾಲ್ಕು ಪಾಯಿಂಟಿನ ಹಾರ್ನೆಸ್‌ನಲ್ಲಿ ಭುಜದ ಪಟ್ಟಿ ಸೊಂಟದ ಪಟ್ಟಿಯನ್ನು ಹೊಟ್ಟೆಗೆ ಎಳೆದುಬಿಡುತ್ತದೆ, ಮೈ ಕೆಳಗಿನಿಂದ ಜಾರುತ್ತದೆ, ಒಳಗಿನ ಅಂಗಗಳಿಗೆ ಪೆಟ್ಟಾಗುತ್ತದೆ. ಕಂಪನಿ ಸೀಟಿಗೆಂದೇ ಪರೀಕ್ಷೆಯಾದ, ಜಾರದಂತೆ ತಡೆಯುವ ಹೊಲಿಗೆಯಿರುವ ನಾಲ್ಕು ಪಾಯಿಂಟಿನ ಹಾರ್ನೆಸ್‌ಗಳಿವೆ. ಅವನ್ನೂ ಆ ತಯಾರಕರ ಪಟ್ಟಿಯಲ್ಲಿ ನಿಮ್ಮ ಕಾರಿನ ಹೆಸರಿದ್ದರಷ್ಟೇ ನಂಬಿ.

ಹಾಗಾಗಿ ದಾರಿ ಎರಡೇ. ಒಂದೋ ಮೂರು ಪಾಯಿಂಟಿನ ಬೆಲ್ಟು, ಏರ್‌ಬ್ಯಾಗ್, ಕಂಪನಿ ಸೀಟು ಮೂರನ್ನೂ ಮುಟ್ಟದೆ ಬಿಡಿ. ಇಲ್ಲವೇ ಬಕೆಟ್ ಸೀಟು, ಆರು ಪಾಯಿಂಟಿನ ಹಾರ್ನೆಸ್, ಹಿಂಬದಿಯ ಕೇಜ್, ಹ್ಯಾನ್ಸ್ ನಾಲ್ಕನ್ನೂ ಒಟ್ಟಿಗೆ ತೆಗೆದುಕೊಳ್ಳಿ. ಅರ್ಧಂಬರ್ಧ ಜೋಡಿಸಿದ ಕಾರು ಏನೂ ಜೋಡಿಸದ ಕಾರಿಗಿಂತ ಅಪಾಯಕಾರಿ.

ಮೂರು ಪಾಯಿಂಟಿನಲ್ಲೇ ಉಳಿದವರಿಗೆ ಖರ್ಚಿಲ್ಲದ ಒಂದು ಉಪಾಯವಿದೆ. ಸೀಟನ್ನು ಒಂದೆರಡು ಇಂಚು ಹಿಂದೆ ಸರಿಸಿ ಬೆಲ್ಟು ಹಾಕಿ. ಭುಜದ ಪಟ್ಟಿಯನ್ನು ಥಟ್ಟನೆ ಎಳೆದರೆ ಸುರುಳಿ ಲಾಕ್ ಆಗುತ್ತದೆ. ಹಾಗೇ ಹಿಡಿದುಕೊಂಡು ಸೀಟನ್ನು ಮುಂದಕ್ಕೆ ತನ್ನಿ. ಸೊಂಟ ಬಿಗಿಯಾಗಿ ನಿಲ್ಲುತ್ತದೆ.

## ಹಂತ 5: ಸೀಟು

ಈಗ ಪಟ್ಟಿ ತೆರೆಯಿರಿ. ಸಾಮಾನ್ಯವಾಗಿ ಮೂರು ಬಗೆ ಕಾಣುತ್ತವೆ.

ಎಲ್ಲ ದಿಕ್ಕಿಗೂ ಮೋಟಾರಿನಿಂದ ಹೊಂದಿಸುವ ಸ್ಪೋರ್ಟ್ಸ್ ಸೀಟು ಮೊದಲನೆಯದು. ಪಕ್ಕದ ಉಬ್ಬನ್ನೂ ಹತ್ತಿರ ತರಬಹುದಾದದ್ದನ್ನೇ ಆರಿಸಿ. ಭಾರ ಹೆಚ್ಚು. ಮನೆಯಲ್ಲಿ ಇಬ್ಬರು ಓಡಿಸುವುದಾದರೆ ಇದನ್ನು ಬಿಟ್ಟು ಬೇರೆಯದು ಬೇಡ.

ಎರಡನೆಯದು ಒರಗಿಸಬಹುದಾದ, ಕಾರ್ಬನ್ ಚಿಪ್ಪಿನ ಬಕೆಟ್ ಸೀಟು. ಬಿಎಂಡಬ್ಲ್ಯುವಿನ ಕಾರ್ಬನ್ ಸೀಟುಗಳು ಮಾಮೂಲಿ ಎಂ ಸೀಟುಗಳಿಗಿಂತ ಜೋಡಿಗೆ 9.6 ಕೆ.ಜಿ. ಹಗುರ, ಮೋಟಾರಿನಿಂದಲೇ ಹೊಂದುತ್ತವೆ. ತೊಡೆಗಳ ನಡುವೆ ಎತ್ತರಕ್ಕೆ ನಿಂತ ಕಾರ್ಬನ್ ದಿಂಡೊಂದಿದೆ. ಕೂತು ಎದ್ದು ನೋಡದೆ ಅದನ್ನು ಒಪ್ಪಬೇಡಿ. ಸೀರೆ, ಪಂಚೆ ಉಟ್ಟವರಿಗೆ ಅದು ದೊಡ್ಡ ತೊಡಕು.

ಮೂರನೆಯದು ಒಂದೇ ಅಚ್ಚಿನ, ಒರಗದ ಬಕೆಟ್. ಪೋರ್ಷೆ 911 ಜಿಟಿ3 (992 ಪೀಳಿಗೆ, 2024ರ ಪರಿಷ್ಕರಣೆಗೆ ಮುಂಚಿನದು) ಕಾರಿನ ಫುಲ್ ಬಕೆಟ್ ಈ ಜಾತಿಯದು. ಮುಂದೆ ಹಿಂದೆ ಸರಿಸುವುದು ಕೈಯಿಂದ, ಎತ್ತರ ಮೋಟಾರಿನಿಂದ, ಬೆನ್ನಿನ ಕೋನ ಕಂಪನಿ ಕೊಟ್ಟಷ್ಟೇ. ಎದೆಯ ಪಕ್ಕದ ಏರ್‌ಬ್ಯಾಗ್ ಸೀಟಿನೊಳಗೇ ಇರುತ್ತದೆ. ಇಂಥ ಸೀಟಿನ ಮೇಲೆ ಮಕ್ಕಳ ಸೀಟು ಕಟ್ಟುವಂತಿಲ್ಲ. ಮಕ್ಕಳಿರುವವರು ಕೈಪಿಡಿಯ ಆ ಅಧ್ಯಾಯ ಓದದೆ ಸಹಿ ಹಾಕಬೇಡಿ. ಚಾಲಕನಿಗೆ ಬಕೆಟ್, ಪಕ್ಕಕ್ಕೆ ಮಾಮೂಲಿ ಸೀಟು ಎಂಬ ಜೋಡಿಯನ್ನು ಕಂಪನಿಗಳು ಸಾಮಾನ್ಯವಾಗಿ ಕೊಡುವುದಿಲ್ಲ.

ಸೀಟಿನ ಬಟ್ಟೆ: ನುಣುಪು ಚರ್ಮದ ಮೇಲೆ ತಿರುವಿನಲ್ಲಿ ಮೈ ಜಾರುತ್ತದೆ. ಅಲ್ಕಾಂಟಾರಾದಂಥ ಬಟ್ಟೆ ಹಿಡಿದುಕೊಳ್ಳುತ್ತದೆ, ಆದರೆ ಬೆವರು ಕುಡಿದು ಹೊಳಪೇರಿ ಗಟ್ಟಿಯಾಗುತ್ತದೆ. ಕೋಲಾರದ ಬೇಸಿಗೆ, ಕಲ್ಲುಕ್ವಾರಿಯ ದೂಳು ಎರಡೂ ಸೇರಿದರೆ ಇನ್ನೂ ಬೇಗ. ಮೃದು ಬ್ರಶ್ಶು, ಒದ್ದೆ ಹಿಂಡಿದ ಬಟ್ಟೆಯಿಂದ ಆಗಾಗ ಒರೆಸಲು ತಯಾರಿದ್ದರೆ ಮಾತ್ರ ಅದನ್ನು ಆರಿಸಿ. ಎರಡೂ ಬೆರೆತದ್ದು, ನಡುವೆ ಬಟ್ಟೆ, ಉಬ್ಬಿಗೆ ಚರ್ಮ, ಸಿಕ್ಕರೆ ಅದೇ ಉತ್ತಮ. ಹತ್ತಿ ಇಳಿಯುವಾಗ ಬಾಗಿಲ ಬದಿಯ ಉಬ್ಬು ಮೊದಲು ಸವೆಯುತ್ತದೆ, ಚರ್ಮ ಅದನ್ನು ತಾಳುತ್ತದೆ.

ಹೊರಗಿನ ಬಕೆಟ್ ಸೀಟು ತಂದು ಆಮೇಲೆ ಹಾಕಿಸುತ್ತೇವೆ ಎನ್ನುವವರಿಗೆ ಒಂದು ಮಾತು. ಕಂಪನಿ ಸೀಟು ಬಿಚ್ಚಿದೊಡನೆ ಪಕ್ಕದ ಏರ್‌ಬ್ಯಾಗ್, ಬಕಲ್ಲಿನ ಸೆನ್ಸರ್, ಯಾರೋ ಕೂತಿದ್ದಾರೆಂದು ಅರಿಯುವ ಸೆನ್ಸರ್ ಅದರ ಜೊತೆಗೇ ಹೋಗುತ್ತವೆ. ಡ್ಯಾಶ್‌ಬೋರ್ಡಿನಲ್ಲಿ ಏರ್‌ಬ್ಯಾಗ್ ದೀಪ ಉರಿಯುತ್ತದೆ. ಗ್ಯಾರೇಜಿನವರು ರೆಸಿಸ್ಟರ್ ಬೆಸೆದು ದೀಪ ಆರಿಸಿಕೊಡುತ್ತಾರೆ. ಆಗ ಕಾರು ಇಲ್ಲದ ಏರ್‌ಬ್ಯಾಗನ್ನು ಇದೆಯೆಂದು ನಂಬಿಕೊಂಡಿರುತ್ತದೆ, ನಿಜವಾದ ದೋಷ ಬಂದರೂ ನಿಮಗೆ ತಿಳಿಯುವುದಿಲ್ಲ.

## ಹಂತ 6: ಕೇಜ್ ಮತ್ತು ಬೆಂಕಿ

ಕಂಪನಿಯ ಟ್ರ್ಯಾಕ್ ಪ್ಯಾಕೇಜುಗಳಲ್ಲಿ ಬರುವುದು ಸೀಟಿನ ಹಿಂದೆ ಬೋಲ್ಟಿನಿಂದ ಬಿಗಿದ ಅರ್ಧ ಕೇಜ್. ರಸ್ತೆಗೂ ಟ್ರ್ಯಾಕಿಗೂ ಒಂದೇ ಕಾರು ಬಳಸುವವರಿಗೆ ಅಷ್ಟೇ ಸಾಕು. ಮುಂದಿನ ಕಂಬದವರೆಗೆ ಬರುವ ಪೂರ್ಣ ಕೇಜ್ ಹೆಲ್ಮೆಟ್ ಇಲ್ಲದ ತಲೆಗೆ ಶತ್ರು. ನಂದಿ ಬೆಟ್ಟದ ತಿರುವಿನಲ್ಲಿ ಸಣ್ಣ ಡಿಕ್ಕಿಯಾದರೂ ತಲೆ ಉಕ್ಕಿನ ಕೊಳವೆಗೆ ಬಡಿಯುತ್ತದೆ. ಅರ್ಧ ಕೇಜಿರುವ ಕಾರಿನಲ್ಲಿ ಹಿಂದಿನ ಸೀಟಿದ್ದರೂ ಯಾರನ್ನೂ ಕೂರಿಸಬಾರದು.

ಅದೇ 992 ಜಿಟಿ3ರ ಕ್ಲಬ್‌ಸ್ಪೋರ್ಟ್ ಪ್ಯಾಕೇಜನ್ನು ಮಾದರಿಯಾಗಿ ನೋಡಿ. ಹಿಂಬದಿಯ ಕೇಜ್, ಚಾಲಕನ ಬದಿಗೆ ಆರು ಪಾಯಿಂಟಿನ ಹಾರ್ನೆಸ್, ಕೈಯಲ್ಲಿ ಹಿಡಿಯುವ ಅಗ್ನಿಶಾಮಕ, ಬ್ಯಾಟರಿ ಕಡಿತದ ಸ್ವಿಚ್ಚಿಗೆ ಪೂರ್ವತಯಾರಿ ಇದರಲ್ಲಿ ಸೇರಿದ್ದವು. ಫುಲ್ ಬಕೆಟ್ ಆರಿಸಿದರೆ ಮಾತ್ರ ಇದು ಸಿಗುತ್ತಿತ್ತು. ‘ಚಾಲಕನ ಬದಿಗೆ’ ಎಂಬ ಮಾತನ್ನು ಗಮನಿಸಿ. ಪಕ್ಕದಲ್ಲಿ ತರಬೇತುದಾರರು ಕೂರುವುದಾದರೆ ಅವರಿಗೂ ಅದೇ ಮಟ್ಟದ ಹಾರ್ನೆಸ್ ಇರಬೇಕು. ಹಲವು ಆಯೋಜಕರು ಇಲ್ಲದಿದ್ದರೆ ಜೊತೆಗೆ ಕೂರಲು ಬಿಡುವುದಿಲ್ಲ.

ಅಗ್ನಿಶಾಮಕ ಚಾಲಕ ಬೆಲ್ಟು ಹಾಕಿಕೊಂಡಿದ್ದಾಗಲೇ ಕೈಗೆ ಎಟುಕಬೇಕು. ಲೋಹದ ಹಿಡಿಕೆ, ಲೋಹದ ಪಟ್ಟಿ ಇರಲಿ. ಪ್ಲಾಸ್ಟಿಕ್ ಕ್ಲಿಪ್ಪಿನಲ್ಲಿ ಸಿಕ್ಕಿಸಿದ ಸಿಲಿಂಡರು ಡಿಕ್ಕಿಯಲ್ಲಿ ಗುಂಡಿನಂತೆ ಹಾರುತ್ತದೆ. ಸಿಲಿಂಡರಿನ ಒತ್ತಡ ತೋರಿಸುವ ಮುಳ್ಳು ಹಸಿರು ಭಾಗದಲ್ಲಿದೆಯೇ ಎಂದು ಪ್ರತಿ ಟ್ರ್ಯಾಕ್ ದಿನದ ಬೆಳಗ್ಗೆ ನೋಡಿ.

## ಹಂತ 7: ಬುಕಿಂಗ್ ಹಾಳೆ, ಆರ್‌ಟಿಓ, ವಿಮೆ

ಬಾಯಿಮಾತಿಗೆ ಇಲ್ಲಿ ಬೆಲೆಯಿಲ್ಲ. ಪ್ರತಿ ಆಯ್ಕೆಯ ಸಂಕೇತ ಸಂಖ್ಯೆ ಬುಕಿಂಗ್ ಹಾಳೆಯಲ್ಲಿ ಬರಲಿ. ‘ಆಯ್ಕೆ ಬದಲಿಸಲು ಕೊನೆಯ ದಿನಾಂಕ’ ಯಾವುದೆಂದು ಬರೆಸಿಕೊಳ್ಳಿ. ಕಾರು ತಯಾರಿಕೆಗೆ ಹೋದ ಮೇಲೆ ಸೀಟು ಬದಲಾಗುವುದಿಲ್ಲ. ಕಾರ್ಖಾನೆಯಲ್ಲೇ ಹಾಕುವ ಆಯ್ಕೆಗಳ ಬೆಲೆ ಇನ್‌ವಾಯ್ಸ್‌ಗೆ ಸೇರುವುದರಿಂದ ಜೀವಾವಧಿ ತೆರಿಗೆಯೂ ಏರುತ್ತದೆ ಎಂಬುದು ಲೆಕ್ಕದಲ್ಲಿರಲಿ.

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ವಿವರ ತಯಾರಕರ ಮೂಲ ವಿವರದಿಂದ ಬೇರೆಯಾಗುವಂತೆ ವಾಹನ ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಕಾರ್ಖಾನೆಯಿಂದಲೇ ಕೇಜ್ ಬಂದಿದ್ದರೆ ದಾಖಲೆ ನಿಮ್ಮ ಕೈಯಲ್ಲಿರುತ್ತದೆ. ಗ್ಯಾರೇಜಿನಲ್ಲಿ ಬೆಸೆದದ್ದಕ್ಕೆ ಅದಿರುವುದಿಲ್ಲ. ಕೆಎ-06, ಕೆಎ-07, ಕೆಎ-40 ಯಾವ ಕಚೇರಿಯಲ್ಲಿ ನೋಂದಾಯಿಸಿದರೂ ಆಯ್ಕೆಗಳ ವಿವರವಿರುವ ಇನ್‌ವಾಯ್ಸ್ ಪ್ರತಿಯನ್ನು ಕಾರಿನಲ್ಲಿಡಿ.

ರಸ್ತೆಯಲ್ಲಿ ಮೂರು ಪಾಯಿಂಟಿನ ಬೆಲ್ಟೇ ಹಾಕಿ. ಬೆಲ್ಟು ಹಾಕದಿದ್ದರೆ 194ಬಿ ಕಲಂ ಅಡಿ 1,000 ರೂಪಾಯಿ ದಂಡ. ಹಾರ್ನೆಸ್ ಬಳಸುವಾಗ ಅಲಾರಂ ಕೂಗದಿರಲೆಂದು ಬಕಲ್ಲಿಗೆ ಖಾಲಿ ಕ್ಲಿಪ್ಪು ಸಿಕ್ಕಿಸುವ ಅಭ್ಯಾಸ ಬೇಡವೇ ಬೇಡ. ಬೆಲ್ಟು ಹಾಕಿದ್ದೀರೆಂದು ಕಾರು ತಪ್ಪು ತಿಳಿಯುತ್ತದೆ. ಹಾರ್ನೆಸ್ ಹಾಕಿದಾಗ ಮೂರು ಪಾಯಿಂಟಿನ ಬೆಲ್ಟನ್ನು ಏನು ಮಾಡಬೇಕೆಂದು ಕೈಪಿಡಿ ಹೇಳುತ್ತದೆ, ಅದರಂತೆಯೇ ನಡೆಯಿರಿ.

ವಿಮೆ ಪಾಲಿಸಿಯ ‘ಬಳಕೆಯ ಮಿತಿಗಳು’ ಎಂಬ ಭಾಗ ಓದಿ. ಆಯೋಜಿತ ರೇಸ್, ವೇಗ ಪರೀಕ್ಷೆ ಮುಂತಾದವುಗಳಿಗೆ ಮಾಮೂಲಿ ಮೋಟಾರು ವಿಮೆ ಅನ್ವಯಿಸುವುದಿಲ್ಲ. ನೀವು ಹೋಗುವ ಟ್ರ್ಯಾಕ್ ದಿನಕ್ಕೆ ರಕ್ಷಣೆ ಇದೆಯೇ ಇಲ್ಲವೇ ಎಂಬ ಪ್ರಶ್ನೆಗೆ ವಿಮಾ ಕಂಪನಿಯಿಂದ ಬರವಣಿಗೆಯಲ್ಲೇ ಉತ್ತರ ಪಡೆಯಿರಿ.

## ಹಂತ 8: ಡೆಲಿವರಿ ದಿನದ ತಪಾಸಣೆ

ಪೂಜೆ, ಹಾರ, ನಿಂಬೆಹಣ್ಣು ಎಲ್ಲಕ್ಕೂ ಮೊದಲು ಇದನ್ನು ಮುಗಿಸಿ. ಇಗ್ನಿಷನ್ ಹಾಕಿದೊಡನೆ ಏರ್‌ಬ್ಯಾಗ್ ದೀಪ ಹತ್ತಿ ಕೆಲವೇ ಸೆಕೆಂಡಿನಲ್ಲಿ ಆರಬೇಕು. ಹತ್ತದಿದ್ದರೂ ತಪ್ಪು, ಆರದಿದ್ದರೂ ತಪ್ಪು.

ಹಾರ್ನೆಸ್ ಪಟ್ಟಿಯ ಮೇಲಿನ ಚೀಟಿ ಹುಡುಕಿ ಟಾರ್ಚು ಹಾಕಿ ಓದಿ. ಎಫ್‌ಐಎ 8853-2016 ಗುರುತಿದ್ದರೆ ‘ನಾಟ್ ವ್ಯಾಲಿಡ್ ಆಫ್ಟರ್’ ಎಂದು ವರ್ಷವೂ ಇರುತ್ತದೆ. ಆಯುಷ್ಯ ಐದು ವರ್ಷ. ಉಗ್ರಾಣದಲ್ಲಿ ಎರಡು ವರ್ಷ ಕೂತ ಹಾರ್ನೆಸ್ ಕೊಟ್ಟರೆ ನಿಮಗೆ ಉಳಿಯುವುದು ಮೂರೇ.

ಸೀಟಿನಲ್ಲಿ ಕೂತು ಭುಜದಿಂದ ಹಿಂದಿನ ಕಂಬಿಯವರೆಗೆ ದಾರ ಎಳೆಸಿ. ಮೊಬೈಲಿನ ಮಟ್ಟದ ಆ್ಯಪ್ ಇಟ್ಟು ಕೋನ ನೋಡಿ. ಸಮತಟ್ಟಿನಿಂದ ಕೆಳಕ್ಕೆ 20 ಡಿಗ್ರಿಯೊಳಗಿದ್ದರೆ ಹ್ಯಾನ್ಸ್ ಸರಿಯಾಗಿ ಕೆಲಸ ಮಾಡುತ್ತದೆ. ಪಟ್ಟಿಯನ್ನು ಸೀಟಿನ ಹಿಂದಿನ ನೆಲಕ್ಕೆ ಕಟ್ಟಿದ್ದರೆ ಅದು 45 ಡಿಗ್ರಿ ಮೀರಿ ಡಿಕ್ಕಿಯಲ್ಲಿ ಬೆನ್ನುಮೂಳೆಯನ್ನು ಕೆಳಕ್ಕೆ ಅದುಮುತ್ತದೆ. ಅಂಥ ಜೋಡಣೆಯನ್ನು ಒಪ್ಪಿಕೊಳ್ಳಬೇಡಿ.

ಬಿಗಿಯುವ ಕ್ರಮವನ್ನು ಅಲ್ಲೇ ಅಭ್ಯಾಸ ಮಾಡಿ. ಮೊದಲು ಸೊಂಟದ ಪಟ್ಟಿ, ಹೊಟ್ಟೆಯ ಕೆಳಗೆ, ಸೊಂಟದ ಮೂಳೆಯ ಮೇಲೆ. ಆಮೇಲೆ ತೊಡೆ ನಡುವಿನದು. ಕೊನೆಗೆ ಭುಜದವು. ಭುಜ ಮೊದಲು ಎಳೆದರೆ ಸೊಂಟದ ಪಟ್ಟಿ ಮೇಲೇರಿ ಹೊಟ್ಟೆಗೆ ಬರುತ್ತದೆ.

ಸೀಟು, ಸ್ಟೀರಿಂಗು ಸರಿಹೊಂದಿದ ಮೇಲೆ ಸೀಟು ಸರಿಯುವ ಹಳಿಯ ಪಕ್ಕದಲ್ಲಿ ಮಾಸ್ಕಿಂಗ್ ಟೇಪು ಅಂಟಿಸಿ ಗುರುತು ಹಾಕಿಡಿ. ಯಾರಾದರೂ ಸರಿಸಿದರೂ ಟ್ರ್ಯಾಕಿನ ಬೆಳಗ್ಗೆ ಒಂದೇ ನಿಮಿಷದಲ್ಲಿ ಅದೇ ಭಂಗಿ ಸಿಗುತ್ತದೆ.

## ಮೊದಲ ಟ್ರ್ಯಾಕ್ ದಿನ ಕಾರು ಕೊಡುವ ಸೂಚನೆಗಳು

ತಿರುವಿನಲ್ಲಿ ಮೊಣಕಾಲನ್ನು ಬಾಗಿಲಿಗೋ ನಡುದಿಂಡಿಗೋ ಒತ್ತಿ ಮೈ ತಡೆಯುತ್ತಿದ್ದರೆ ಸೀಟಿನ ಉಬ್ಬು ನಿಮಗೆ ಅಗಲವಾಗಿದೆ. ಸ್ಟೀರಿಂಗನ್ನು ಹಿಡಿಕೆಯಂತೆ ಎಳೆದು ಕೂರುತ್ತಿದ್ದರೂ ಅದೇ ಅರ್ಥ.

ಜೋರು ಬ್ರೇಕಿನಲ್ಲಿ ಮೈ ಮುಂದಕ್ಕೆ ಜಾರಿ ಗದ್ದದ ಹತ್ತಿರ ಪಟ್ಟಿ ಬಂದರೆ ಸೊಂಟದ ಪಟ್ಟಿ ಸಡಿಲವಿದೆ. ಪಿಟ್‌ಗೆ (ಟ್ರ್ಯಾಕಿನ ಬದಿಯ ನಿಲುಗಡೆಗೆ) ಬಂದು ಮೊದಲಿನಿಂದ ಬಿಗಿಯಿರಿ, ಓಡುತ್ತಲೇ ಎಳೆಯಲು ಹೋಗಬೇಡಿ.

ಬ್ರೇಕ್ ಒತ್ತಿದಾಗ ಸೀಟಿನ ಬುಡದಿಂದ ಟಕ್ ಎಂಬ ಸದ್ದು ಬಂದರೆ ಅಂದಿನ ಓಟ ಅಲ್ಲಿಗೆ ಮುಗಿಯಿತು. ಹಳಿಯ ಬೀಗ ಪೂರ್ತಿ ಕೂತಿಲ್ಲ, ಇಲ್ಲವೇ ಬೋಲ್ಟು ಸಡಿಲವಾಗಿದೆ. ಸೀಟಿನಡಿ ಏರ್‌ಬ್ಯಾಗಿನ ತಂತಿಗಳಿರುವುದರಿಂದ ಟ್ರ್ಯಾಕಿನ ಬದಿಯಲ್ಲಿ ಸ್ಪ್ಯಾನರ್ ಹಾಕಬೇಡಿ, ಸರ್ವಿಸ್ ಸೆಂಟರಿಗೇ ಒಯ್ಯಿರಿ.

ಪಟ್ಟಿಯ ಅಂಚಿನಲ್ಲಿ ನೂಲು ಎದ್ದಿದ್ದರೆ, ಬಿಸಿಲಿಗೆ ಬಣ್ಣ ಹೋಗಿ ಒರಟಾಗಿದ್ದರೆ, ಬಕಲ್ಲಿನಲ್ಲಿ ಮರಳು ಸೇರಿ ಕ್ಲಿಕ್ ಸದ್ದು ಮಂದವಾಗಿದ್ದರೆ ಚೀಟಿಯಲ್ಲಿ ವರ್ಷ ಉಳಿದಿದ್ದರೂ ಹಾರ್ನೆಸ್ ಬದಲಿಸಿ. ದೊಡ್ಡ ಡಿಕ್ಕಿ ಕಂಡ ಹಾರ್ನೆಸ್, ಹೆಲ್ಮೆಟ್ ಎರಡನ್ನೂ ಹೊರಗೆ ಗಾಯ ಕಾಣದಿದ್ದರೂ ಮತ್ತೆ ಬಳಸಬಾರದು. ಪಟ್ಟಿಯನ್ನು ಕತ್ತರಿಸಿ ಎಸೆಯಿರಿ, ಇನ್ನೊಬ್ಬರ ಕಾರಿಗೆ ಸೇರದಿರಲಿ.